ಸೇತುವೆಯ ಬಾಯಲ್ಲಿ ಎರಡು ಗಂಟೆ

ಚೆನ್ನೈ

ಅಮೆರಿಕಾಕ್ಕೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಒಳಗೆ ಬಿಡುವುದು ಬಹಳ ಕಷ್ಟವಂತೆ, ಹೌದಾ? ನನ್ನನ್ನು ಕೇಳಿದರೆ ಒಳಗೆ ಹೋಗುವುದು ಅಷ್ಟೇನೂ ಕಷ್ಟವಲ್ಲ. ಹೋದ ಮೇಲೆ ತಪ್ಪಿ ಹೊರಗೆ ಕಾಲಿಡದ ಹಾಗೆ ಇರುವುದಿದೆಯಲ್ಲ, ಅದು ಕಷ್ಟ.

ನಾನು ಮೈಸೂರಿನ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಓದಿದ್ದು ನಾಲ್ಕನೇ ಕ್ಲಾಸು. ನನ್ನ ತಮ್ಮನ ಮಗಳು ವನಜ ಅದೇ ಹಾಸ್ಟೆಲಿನಲ್ಲಿ ನನ್ನ ಕೈಯ ಅನ್ನ ಉಂಡು ಓದಿದಳು. ಮದುವೆಯಾಗಿ ಗಂಡನ ಜೊತೆ ಡೆಟ್ರಾಯಿಟ್ ಹತ್ತಿರ ಸ್ಟರ್ಲಿಂಗ್ ಹೈಟ್ಸ್ ಅನ್ನುವ ಊರು ಸೇರಿದಳು. ಗಂಡ ಬಸವರಾಜ ಧಾರವಾಡದ ಕಡೆಯವನು, ಕಾರಿನ ಸೀಟುಗಳ ನಕ್ಷೆ ತೆಗೆಯುವ ಎಂಜಿನಿಯರು. "ಅತ್ತೆ, ಒಂದು ಸಲ ಬಂದು ಹೋಗಿ" ಎಂದು ಅವಳು ಏಳು ವರ್ಷದಿಂದ ಹೇಳುತ್ತಿದ್ದಳು. ಮಂಡಿ ಗಟ್ಟಿಯಾಗಿರುವಾಗಲೇ ಹೋಗಿ ಬರೋಣ ಎಂದು ಹೊರಟೆ.

ವೀಸಾ ಕೇಳಲು ಚೆನ್ನೈಗೆ ಹೋಗಬೇಕಾಗಿತ್ತು. ಬಿಸಿಲಲ್ಲಿ ಕ್ಯೂ. ಕ್ಯೂನಲ್ಲಿದ್ದವರೆಲ್ಲ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಬಾಯಿಪಾಠ ಮಾಡುತ್ತಿದ್ದರು. ನನ್ನ ಹಿಂದಿದ್ದ ಗಂಡಸು, "ಅಮ್ಮ, ಜಲಪಾತ ನೋಡಕ್ಕೆ ಅಂತ ಹೇಳಿ. ಮಗಳ ಮನೆ ಗಿಗಳ ಮನೆ ಅನ್ನಬೇಡಿ, ಅಲ್ಲೇ ಕೂತುಬಿಡ್ತೀರಿ ಅನ್ಕೋತಾರೆ" ಎಂದು ಕಲಿಸಿದ. ಜಮೀನಿನ ಪತ್ರಗಳ ಇಷ್ಟು ದಪ್ಪ ಕಟ್ಟು ತಂದಿದ್ದ. ಅವನಿಗೆ ವೀಸಾ ಸಿಗಲಿಲ್ಲ.

ಕಿಟಕಿಯ ಆಚೆ ಒಬ್ಬ ಬಿಳಿಯ ಹುಡುಗ, ಪಕ್ಕದಲ್ಲಿ ಕನ್ನಡ ಬಲ್ಲ ಹೆಂಗಸು. ತಿರುಗಿ ಬರುತ್ತೀರಿ ಅನ್ನುವುದಕ್ಕೆ ಏನು ಖಾತ್ರಿ ಎಂದು ಕೇಳಿದರು.

"ನವೆಂಬರಲ್ಲಿ ಬ್ಯಾಂಕಿಗೆ ಹೋಗಿ ನಾನು ಬದುಕಿದೀನಿ ಅಂತ ಸಹಿ ಹಾಕಬೇಕು. ಹಾಕದಿದ್ರೆ ಸತ್ತೆ ಅಂತ ಬರ್ಕೊಂಡು ಪೆನ್ಷನ್ ನಿಲ್ಲಿಸ್ತಾರೆ" ಅಂದೆ.

ಆ ಹೆಂಗಸು ಅದನ್ನು ಹೇಳಿದಳು. ಹುಡುಗ ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ ನಕ್ಕು ಪಾಸ್‌ಪೋರ್ಟು ಒಳಗಿಟ್ಟುಕೊಂಡ. ಒಳಗಿಟ್ಟುಕೊಂಡರೆ ವೀಸಾ ಕೊಟ್ಟ ಹಾಗೆ, ಪಾಸ್‌ಪೋರ್ಟು ಕೈಗೆ ವಾಪಸು ಕೊಟ್ಟರೆ ವೀಸಾ ಕೊಡದ ಹಾಗೆ. ಅವರ ಲೆಕ್ಕ ನಮ್ಮದಕ್ಕೆ ತಿರುಗುಮುರುಗು.

ವೀಸಾ ಅಂಟಿಸಿದ ಪಾಸ್‌ಪೋರ್ಟು ಮನೆಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಹೈಸ್ಕೂಲ್ ಹೆಡ್‌ಮಾಸ್ಟರ ಹತ್ತಿರ ಹಸಿರು ಇಂಕಿನಲ್ಲಿ ಸಹಿ ಹಾಕಿಸಿ, ದುಂಡು ಮೊಹರು ಒತ್ತಿಸಿದೆ. ಸರ್ಕಾರಿ ನೌಕರಿಯಲ್ಲಿ ಕಲಿತದ್ದು ಇದು: ಅಸಲು ಮನೆಯಲ್ಲಿರಬೇಕು, ಹಸಿರು ಸಹಿಯ ಜೆರಾಕ್ಸು ಕೈಯಲ್ಲಿರಬೇಕು.

ಬೋಲಿಂಗ್‌ಬ್ರೂಕ್

ಭಾಷೆ ಬಾರದವಳನ್ನು ಒಬ್ಬಳೇ ವಿಮಾನ ಹತ್ತಿಸಬಾರದೆಂದು ವನಜ ಒಂದು ಜೊತೆ ಹುಡುಕಿದ್ದಳು. ನಂಜನಗೂಡಿನ ಸರೋಜಮ್ಮ ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಅದಕ್ಕೇ ನಾನು ಶಿಕಾಗೋದಲ್ಲಿ ಇಳಿದದ್ದು.

ಏರ್‌ಪೋರ್ಟಿನಲ್ಲಿ ಇನ್ನೊಬ್ಬ ಅಧಿಕಾರಿ. ಹತ್ತೂ ಬೆರಳು ಒತ್ತಿಸಿಕೊಂಡು, ಫೋಟೋ ತೆಗೆದು, ಒಂದು ಸಣ್ಣ ಬಿಳಿ ಚೀಟಿಯ ಮೇಲೆ ತಾರೀಖು ಬರೆದು ಪಾಸ್‌ಪೋರ್ಟಿಗೆ ಪಿನ್ನು ಹೊಡೆದ. ಪುಸ್ತಕದ ಮೇಲಿನ ವೀಸಾ ಬಾಗಿಲು ತಟ್ಟುವುದಕ್ಕೆ ಮಾತ್ರವಂತೆ. ಎಷ್ಟು ದಿನ ಕೂರಬಹುದು ಅನ್ನುವುದು ಆ ಚೀಟಿಯಲ್ಲಿ. ವೀಸಾ ಹತ್ತು ವರ್ಷದ್ದು, ಚೀಟಿ ಆರು ತಿಂಗಳದ್ದು. "ಚೀಟಿ ಕಳೆದರೆ ಕತೆ ಮುಗೀತು" ಎಂದು ಸರೋಜಮ್ಮನ ಮಗಳು ಹೆದರಿಸಿದಳು. ಅವತ್ತಿನಿಂದ ನಾನು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟೆ.

ಬೋಲಿಂಗ್‌ಬ್ರೂಕ್‌ನಲ್ಲಿ ನಾಲ್ಕು ದಿನ ಇದ್ದೆ. ಊರಿನಷ್ಟು ಉದ್ದದ ಗೋದಾಮುಗಳು, ಕಿಟಕಿಯೇ ಇಲ್ಲ. ಸಂಜೆ ನಾನೂ ಸರೋಜಮ್ಮನೂ ರಸ್ತೆ ಬದಿ ನಡೆಯುತ್ತಿದ್ದರೆ ಕಾರು ನಿಲ್ಲಿಸಿ "ದಾರಿ ತಪ್ಪಿದಿರಾ? ಸಹಾಯ ಬೇಕಾ?" ಎಂದು ಕೇಳುತ್ತಿದ್ದರು. ಅಲ್ಲಿ ನಡೆಯುವುದು ಅಂದರೆ ಏನೋ ಆಗಿದೆ ಅಂತಲೇ ಲೆಕ್ಕ. ನಮ್ಮಲ್ಲಿ ನಿಂತವರನ್ನು ಅನುಮಾನಿಸುತ್ತೇವೆ, ಅಲ್ಲಿ ನಡೆಯುವವರನ್ನು.

ಐದನೆಯ ದಿನ ಬಸವರಾಜ ಬಂದು ಐದು ಗಂಟೆ ಕಾರು ಓಡಿಸಿ ನನ್ನನ್ನು ಸ್ಟರ್ಲಿಂಗ್ ಹೈಟ್ಸಿಗೆ ಕರೆದುಕೊಂಡು ಹೋದ.

ಸ್ಟರ್ಲಿಂಗ್ ಹೈಟ್ಸ್

ಎರಡು ತಿಂಗಳು ಚೆನ್ನಾಗಿತ್ತು. ಅವರಿಗೆ ಎಂಟು ವರ್ಷದ ಒಬ್ಬಳೇ ಮಗಳು, ಅನನ್ಯ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ನನಗೆ ಅರ್ಥವಾಗದಿದ್ದರೂ ಅದಕ್ಕೆ ಉಪ್ಪಿಟ್ಟು ಬೇಡ ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಬಸವರಾಜನ ಕೆಲಸ ಹೋಯಿತು. ಆ ವರ್ಷ ಅಲ್ಲಿ ಕೆಲಸಗಳು ಗಾಳಿಗೆ ಹುಣಸೆಹಣ್ಣು ಉದುರಿದ ಹಾಗೆ ಉದುರುತ್ತಿದ್ದವು. ಅವರ ಬೀದಿಯಲ್ಲೇ ಮೂರು ಮನೆ ಮುಂದೆ ಮಾರಾಟಕ್ಕಿದೆ ಅನ್ನುವ ಹಲಗೆ. ಒಂದು ಶುಕ್ರವಾರ ಇವನು ತನ್ನ ಮೇಜಿನ ಸಾಮಾನನ್ನೆಲ್ಲ ರಟ್ಟಿನ ಡಬ್ಬದಲ್ಲಿ ಹೊತ್ತುಕೊಂಡು ಮಧ್ಯಾಹ್ನವೇ ಮನೆಗೆ ಬಂದ.

ಕೆಲಸ ಹೋದರೆ ಹೋಯಿತು, ಇನ್ನೊಂದು ಹುಡುಕಿಕೊಳ್ಳಲಿ ಎಂದು ನಾನು ಅಂದುಕೊಂಡೆ. ಹಾಗಲ್ಲವಂತೆ. ಆ ದೇಶದಲ್ಲಿ ಅವನಿಗೆ ಇರಲು ಅಪ್ಪಣೆ ಇದ್ದದ್ದೇ ಆ ಕೆಲಸದ ಮೇಲೆ. ಕೆಲಸ ಹೋದ ದಿನವೇ ಅಪ್ಪಣೆಯೂ ಹೋಯಿತು. ವಕೀಲರು ಒಂದು ದಾರಿ ತೋರಿಸಿದರು: ನಾವು ಈಗ ಕೆಲಸಗಾರರಲ್ಲ, ಊರು ನೋಡುವವರು, ಕೆಲವು ತಿಂಗಳು ಇರಲು ಬಿಡಿ ಎಂದು ಅರ್ಜಿ ಹಾಕುವುದು. ಅಷ್ಟರಲ್ಲಿ ಬೇರೆ ಕಂಪನಿ ಸಿಕ್ಕರೆ ಸರಿ.

"ನೋಡ್ರಿ ಅತ್ತಿ, ನಾವೂ ನಿಮ್ಮಂಗ ಟೂರಿಸ್ಟ್ ಆದ್ವಿ. ಟೂರಿಸ್ಟ್ ಅಂತ ಅಪ್ಲೈ ಮಾಡೀನಿ" ಎಂದು ಬಸವರಾಜ ನಕ್ಕ. ಏಳು ವರ್ಷ ತಾನೇ ಹುಲ್ಲು ಕತ್ತರಿಸಿದ ಮನೆಯಲ್ಲಿ ಕೂತು ಹಾಗೆ ಹೇಳಿದ. ವನಜ ನಗಲಿಲ್ಲ.

ಅರ್ಜಿಗೆ ಉತ್ತರ ಬರುವತನಕ ಎರಡು ನಿಯಮ. ಒಂದು, ಯಾವ ಕೆಲಸವನ್ನೂ ಮಾಡಬಾರದು. ಎರಡು, ದೇಶದ ಗಡಿ ದಾಟಬಾರದು. ದಾಟಿದರೆ ಅರ್ಜಿ ಅಲ್ಲೇ ಸತ್ತ ಹಾಗೆ. ಅವನು ಆಚೆ, ಹೆಂಡತಿ ಮಗು ಈಚೆ.

ಮೂರನೆಯ ನಿಯಮ ಮನೆಯವರು ಮಾಡಿಕೊಂಡದ್ದು: ಯಾರಿಗೂ ಹೇಳಬಾರದು. ಧಾರವಾಡದಲ್ಲಿ ಬಸವರಾಜನ ತಂಗಿಗೆ ಮದುವೆ ಗೊತ್ತಾಗಿತ್ತು. ಅಣ್ಣ ಅಮೆರಿಕಾದಲ್ಲಿ ಕೆಲಸವಿಲ್ಲದೆ ಕೂತಿದ್ದಾನೆ ಅಂದರೆ ಬೀಗರು ಏನಂದಾರು ಅನ್ನುವ ಭಯ. ಮಗುವಿಗೂ ಗೊತ್ತಾಗಬಾರದು, ಅದು ಸ್ಕೂಲಲ್ಲಿ ಹೇಳಿಬಿಡುತ್ತದೆ. ಅದಕ್ಕೆ ಅವನು ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು, ನಾನು ಕಟ್ಟಿಕೊಟ್ಟ ಡಬ್ಬಿ ಹಿಡಿದು ಕಾರು ಹತ್ತುತ್ತಿದ್ದ. ಹೋಗುತ್ತಿದ್ದದ್ದು ಊರಿನ ಲೈಬ್ರರಿಗೆ. ಅಲ್ಲಿ ಕೂತು ಕೆಲಸಕ್ಕೆ ಅರ್ಜಿ ಕಳಿಸಿ ಸಂಜೆ ಬರುತ್ತಿದ್ದ.

ಫೋನು ಬಂದರೆ ಎತ್ತುವವಳು ನಾನು. ಅವನ ತಾಯಿ ಕೇಳಿದರೂ, ಪಕ್ಕದ ಬೀದಿಯ ಕನ್ನಡದವರು "ಬಸವರಾಜ್ ಎಲ್ಲಿ ಆಂಟಿ?" ಎಂದರೂ ನನ್ನ ಉತ್ತರ ಒಂದೇ. "ಆಫೀಸಿಗೆ ಹೋಗಿದಾನೆ." ಎರಡು ತಿಂಗಳು ಹೇಳಿ ಹೇಳಿ ಅದು ಕೆಮ್ಮಿನ ಹಾಗೆ ತಾನಾಗಿಯೇ ಬಾಯಿಂದ ಬರುತ್ತಿತ್ತು.

ದಾರಿ

ಸೆಪ್ಟೆಂಬರಿನಲ್ಲಿ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ ಒಂದು ಕಂಪನಿ ಅವನನ್ನು ಸೋಮವಾರ ಮಾತಿಗೆ ಕರೆಯಿತು. ಭಾನುವಾರ ಬೆಳಿಗ್ಗೆ ಹೊರಡುವುದು, ರಾತ್ರಿ ಸರೋಜಮ್ಮನ ಮಗಳ ಮನೆಯಲ್ಲಿ ತಂಗುವುದು. ಮಗುವಿಗೆ ಸ್ಕೂಲಿದ್ದುದರಿಂದ ವನಜ ನಿಂತಳು. ದಾರಿಯಲ್ಲಿ ತೂಕಡಿಸದ ಹಾಗೆ ಮಾತಾಡುತ್ತಿರಲು ನಾನು ಹೊರಟೆ.

"ಅತ್ತೆ, ಪಾಸ್‌ಪೋರ್ಟ್ ತಗೊಂಡ್ರಾ?" ಎಂದು ವನಜ ಬಾಗಿಲಲ್ಲಿ ಕೇಳಿದಳು.

"ಎರಡು ದಿನಕ್ಕೆ ಯಾಕೆ? ದೇವರ ಗೂಡಲ್ಲಿದೆ, ಅಲ್ಲೇ ಇರಲಿ. ಹಸಿರು ಸಹಿದು ಇಟ್ಕೊಂಡಿದೀನಿ" ಅಂದೆ.

ಎರಡು ಲೋಟ ಕಾಫಿ ಕುಡಿದು ಹೊರಟದ್ದು ನನ್ನ ತಪ್ಪು. ಅರ್ಧ ಗಂಟೆಯಾಗಿರಲಿಲ್ಲ, ನನಗೆ ಅವಸರವಾಯಿತು. ಬಸವರಾಜನಿಗೆ ಹೇಳಿದೆ.

"ಇನ್ನೊಂದ ಇಪ್ಪತ್ತ ನಿಮಿಷ ತಡೀರಿ ಅತ್ತಿ. ಊರು ದಾಟಿದ ಮ್ಯಾಲೆ ಛಲೋ ಜಾಗಾ ಸಿಗತೈತಿ."

"ಇಪ್ಪತ್ತು ನಿಮಿಷ ನಿನಗೆ. ನನಗೆ ಎಪ್ಪತ್ತು ವರ್ಷ ಕಣಪ್ಪ. ರಸ್ತೆ ಬದಿಗೆ ನಿಲ್ಲಿಸು."

"ಹಂಗ ಹೈವೇದಾಗ ನಿಂದ್ರಸಾಕ ಬರೂದಿಲ್ರಿ. ಪೊಲೀಸ್ರು ಬರ್ತಾರ."

"ಹಂಗಾದ್ರೆ ನಿನ್ನ ಸೀಟೇ ಹೋಗ್ತದೆ. ಸೀಟಿನ ಎಂಜಿನಿಯರು ನೀನು, ನೋಡ್ಕೋ."

ನನ್ನ ಜೊತೆ ವಾದಿಸುತ್ತ ಅವನು ಶಿಕಾಗೋ ಕಡೆ ತಿರುಗುವ ದಾರಿ ತಪ್ಪಿಸಿಕೊಂಡ. ಮುಂದೆ ರಸ್ತೆ ಕೆಲಸ ನಡೆದಿತ್ತು. ಎಲ್ಲೆಲ್ಲೂ ಕಿತ್ತಳೆ ಬಣ್ಣದ ಪೀಪಾಯಿ, ಅಡ್ಡಡ್ಡ ಹಲಗೆ. ಸಿಕ್ಕ ಮೊದಲ ಎಕ್ಸಿಟಿನಲ್ಲಿ ಇಳಿದ. ಇಳಿದರೆ ರಸ್ತೆ ಇಳಿಯಲಿಲ್ಲ, ಮೇಲಕ್ಕೇರಿತು. ಎರಡೂ ಕಡೆ ಗೋಡೆ. ಮುಂದೆ ಲಾರಿ, ಹಿಂದೆ ಲಾರಿ. ಎದುರಿಗೆ ಆಕಾಶದಲ್ಲಿ ಕಬ್ಬಿಣದ ದೊಡ್ಡ ಸೇತುವೆ.

ಬಸವರಾಜ ಹಿಂದೆ ತಿರುಗಿ ನೋಡಿದ.

"ಏನಪ್ಪ?"

"ಅತ್ತಿ, ಇದು ಕೆನಡಾದ ಬ್ರಿಜ್ಜು. ಆ ದಂಡಿ ಬ್ಯಾರೆ ದೇಶ."

"ತಿರುಗಿಸು."

"ತಿರಗಸಾಕ ಜಾಗಾ ಇಲ್ರಿ."

ಆಗ ನನಗೆ ಕಾಫಿಯೂ ಮರೆತುಹೋಯಿತು, ಅವಸರವೂ ಮರೆತುಹೋಯಿತು. ಅವನ ಹತ್ತಿರ ಪಾಸ್‌ಪೋರ್ಟಿತ್ತು, ಆದರೆ ಅವನು ದೇಶ ಬಿಡುವ ಹಾಗಿರಲಿಲ್ಲ. ನಾನು ಬಿಡಬಹುದಿತ್ತು, ಆದರೆ ವಾಪಸು ಬರಲು ನನ್ನ ಹತ್ತಿರ ಪುಸ್ತಕವೂ ಇಲ್ಲ, ಬಿಳಿ ಚೀಟಿಯೂ ಇಲ್ಲ. ಹಸಿರು ಸಹಿ ಹಾಕಿಸಿದಾಗ ಆ ಚೀಟಿ ಹುಟ್ಟೇ ಇರಲಿಲ್ಲವಲ್ಲ!

ಸೇತುವೆ

ಸೇತುವೆ ಹತ್ತುವ ಮುಂಚೆ ಸುಂಕದ ಕಟ್ಟೆ ಇತ್ತು. ಅದೇ ನಮ್ಮ ಪುಣ್ಯ. ಗೂಡಿನಲ್ಲಿದ್ದ ದಪ್ಪ ಹೆಂಗಸಿಗೆ ಬಸವರಾಜ ತಪ್ಪಿ ಬಂದೆ ಎಂದು ಹೇಳಿದ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ದಿನಾ ನಿಮ್ಮಂಥವರು ಬರುತ್ತಲೇ ಇರುತ್ತಾರೆ ಎಂದಳಂತೆ. ಹೊಳೆಯುವ ಜಾಕೀಟು ಹಾಕಿದವನೊಬ್ಬ ಬಂದು ಪೀಪಾಯಿ ಸರಿಸಿ ನಮ್ಮ ಕಾರನ್ನು ತಿರುಗಿಸಿದ.

ಬದುಕಿದೆವು ಅಂದುಕೊಂಡೆ. ಆದರೆ ತಿರುಗಿದವರನ್ನು ನೇರ ಊರಿಗೆ ಬಿಡುವುದಿಲ್ಲ. ಆ ಕಡೆಯಿಂದ ಬಂದವರ ಸಾಲಿಗೇ ನಮ್ಮನ್ನು ಸೇರಿಸಿದರು. ನದಿಯನ್ನೇ ದಾಟದವರು ನದಿ ದಾಟಿ ಬಂದವರ ಹಿಂದೆ ನಿಂತೆವು.

"ಒಳಗ ಕೇಳಿದ್ದಕ್ಕಷ್ಟ ಹೇಳ್ರಿ ಅತ್ತಿ. ಜಾಸ್ತಿ ಮಾತಾಡಬ್ಯಾಡ್ರಿ" ಎಂದ ಬಸವರಾಜ.

ಅಧಿಕಾರಿ ಅವನ ಪಾಸ್‌ಪೋರ್ಟು ನೋಡಿದ, ನನ್ನ ಜೆರಾಕ್ಸು ನೋಡಿದ. ಹಸಿರು ಸಹಿಯನ್ನು ಬೆರಳಿನಿಂದ ಉಜ್ಜಿ ನೋಡಿದ. ಕಾರು ಪಕ್ಕಕ್ಕೆ ಹಾಕಿ ಒಳಗೆ ಬನ್ನಿ ಎಂದ. ಒಳಗೆ ನಮ್ಮಿಬ್ಬರನ್ನು ಬೇರೆ ಬೇರೆ ಕೋಣೆಗೆ ಕರೆದುಕೊಂಡು ಹೋದರು.

ನನ್ನ ಕೋಣೆಯಲ್ಲಿದ್ದದ್ದು ಹೆಣ್ಣು ಅಧಿಕಾರಿ. ಜಡೆಯನ್ನು ಹಿಂದೆ ಗಂಟು ಕಟ್ಟಿದ್ದಳು, ಸೊಂಟದಲ್ಲಿ ಪಿಸ್ತೂಲು. ನಾನು ಮೊದಲು ಹೊಟ್ಟೆ ಹಿಡಿದು ತೋರಿಸಿದೆ. ಅರ್ಥವಾಯಿತು. ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲ ಹೊರಗೇ ನಿಂತಳು. ಪಿಸ್ತೂಲಿನ ಕಾವಲಲ್ಲಿ ಅದನ್ನು ಮಾಡಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ವಾಪಸು ಬಂದಾಗ ಮೇಜಿನ ಮೇಲಿನ ಫೋನಿನಿಂದ ಕನ್ನಡ ಕೇಳಿಸಿತು. ಎಲ್ಲಿಂದಲೋ ಒಬ್ಬ ಹೆಂಗಸು, ಬೆಂಗಳೂರಿನ ಮಾತು.

"ನಮಸ್ಕಾರ ಅಮ್ಮ. ಇವರು ಕೇಳೋದನ್ನ ನಾನು ನಿಮಗೆ ಹೇಳ್ತೀನಿ, ನೀವು ಹೇಳೋದನ್ನ ಇವರಿಗೆ ಹೇಳ್ತೀನಿ. ಕೆನಡಾಕ್ಕೆ ಯಾಕೆ ಹೋಗ್ತಿದ್ರಿ?"

"ಕೆನಡಾಕ್ಕಲ್ಲ ಕಣಮ್ಮ, ಉಚ್ಚೆಗೆ."

"ಏನಂದ್ರಿ ಅಮ್ಮ?" ಅಂದಳು ಫೋನಿನವಳು.

"ಹಂಗೇ ಹೇಳು. ನಯ ಮಾಡಬೇಡ" ಅಂದೆ.

ಅವಳು ಹೇಳಿದಳು. ಅಧಿಕಾರಿ ಬಾಯಿ ಬಿಗಿ ಹಿಡಿದಳು, ಆದರೆ ಕಣ್ಣು ನಕ್ಕಿತು. ನನಗೆ ಧೈರ್ಯ ಬಂತು. ಅಮೆರಿಕಾಕ್ಕೆ ಯಾವಾಗ ಬಂದೆ, ಎಲ್ಲಿ ಇಳಿದೆ, ಪಾಸ್‌ಪೋರ್ಟು ಎಲ್ಲಿದೆ ಎಂದು ಕೇಳಿದಳು. ದೇವರ ಗೂಡಲ್ಲಿದೆ ಅಂದೆ. ಕಂಪ್ಯೂಟರಿನಲ್ಲಿ ಹುಡುಕಿದಳು. ನನ್ನ ಫೋಟೋ, ನನ್ನ ಬೆರಳು, ಚೀಟಿಯ ತಾರೀಖು ಎಲ್ಲ ಅದರೊಳಗಿತ್ತು. ಚೀಟಿಯನ್ನು ನಾಲ್ಕು ತಿಂಗಳು ಕಾದದ್ದೇ ಕಾದದ್ದು, ಅದು ಅವರ ಡಬ್ಬದಲ್ಲಿ ಮೊದಲೇ ಕೂತಿದೆ.

ನನ್ನದು ಮುಗಿಯಿತು ಅನ್ನುವಾಗ ಫೋನಿನವಳು ಕೇಳಿದಳು. "ಕಾರು ಓಡಿಸ್ತಿದ್ದವರು ನಿಮ್ಮ ಅಳಿಯ ತಾನೆ ಅಮ್ಮ? ಅವರು ದಿನಾ ಏನ್ ಮಾಡ್ತಾರೆ?"

"ಆಫೀಸಿಗೆ ಹೋಗ್ತಾನೆ."

ಯೋಚನೆಯೇ ಇಲ್ಲ. ಕೇಳಿದ ತಕ್ಷಣ ಬಂತು. ಫೋನಿನವಳು ಅದನ್ನು ಇಂಗ್ಲಿಷಿಗೆ ಹಾಕಿದಳು. ಅಧಿಕಾರಿಯ ಕಣ್ಣಿನ ನಗು ಆರಿತು. ಪೆನ್ನು ತೆಗೆದುಕೊಂಡಳು.

"ದಿನಾ ಹೋಗ್ತಾರಾ? ಈ ವಾರನೂ ಹೋಗಿದ್ರಾ?"

ಮೂವತ್ತು ವರ್ಷ ಇನ್ನೂರು ಜನರ ಅನ್ನ ಬೇಯಿಸಿದವಳು ನಾನು. ತಳ ಹತ್ತಿದ್ದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಕೆಲಸವಿಲ್ಲ, ಊರು ನೋಡುವವನು ಎಂದು ಅವನು ಆ ಕೋಣೆಯಲ್ಲಿ ಹೇಳುತ್ತಿರುತ್ತಾನೆ. ದಿನಾ ಆಫೀಸಿಗೆ ಹೋಗುತ್ತಾನೆ ಎಂದು ನಾನು ಈ ಕೋಣೆಯಲ್ಲಿ ಹೇಳಿದ್ದೇನೆ. ಬೀಗರಿಗೆ ಮಾನ ಉಳಿಸಿದ ಮಾತು ಇಲ್ಲಿ ಕದ್ದು ದುಡಿದವನೆಂದು ಸಾಕ್ಷಿ ನುಡಿಯುತ್ತಿತ್ತು. ಸೇತುವೆ ದಾಟದೆಯೇ ನಾನು ಅವನನ್ನು ಆಚೆಗೆ ದೂಡಿದ್ದೆ.

"ತಡಿಯಮ್ಮ. ಅದು ಸುಳ್ಳು. ನಾನು ಸುಳ್ಳು ಹೇಳ್ದೆ ಅಂತ ಹೇಳು" ಅಂದೆ.

"ಅಮ್ಮ, ಸರಿಯಾಗಿ ಯೋಚನೆ ಮಾಡಿ ಹೇಳಿ. ಇವರು ಬರ್ಕೋತಿದಾರೆ."

"ಬರ್ಕೊಳ್ಳಲಿ. ಅವನಿಗೆ ಕೆಲಸ ಇಲ್ಲ. ಹೋಗಿ ಎರಡು ತಿಂಗಳಾಯ್ತು. ಇಸ್ತ್ರಿ ಶರ್ಟು ಹಾಕ್ಕೊಂಡು ಲೈಬ್ರರೀಲಿ ಕೂತು ಬರ್ತಾನೆ. ಅವರಮ್ಮನಿಗೆ ಗೊತ್ತಾಗಬಾರದು ಅಂತ. ತಂಗಿ ಮದುವೆ ಇದೆ. ನಾನು ಎರಡು ತಿಂಗಳಿಂದ ಎಲ್ಲರಿಗೂ ಆಫೀಸು ಅಂತ ಹೇಳಿ ಹೇಳಿ ನಿಮಗೂ ಅದೇ ಹೇಳ್ದೆ. ಡಬ್ಬಿ ಕಟ್ಟೋಳು ನಾನೇ. ಮಧ್ಯಾಹ್ನ ಲೈಬ್ರರಿ ಮುಂದಿನ ಬೆಂಚಲ್ಲಿ ಕೂತು ಚಿತ್ರಾನ್ನ ತಿಂತಾನಂತೆ."

ಅಧಿಕಾರಿ ಪೆನ್ನು ಕೆಳಗಿಟ್ಟಳು. ಕೆಲಸವಿಲ್ಲದವನು ಶರ್ಟು ಹಾಕಿಕೊಂಡು ಯಾಕೆ ಹೋಗಬೇಕು ಎಂದು ಎರಡು ಸಲ ಕೇಳಿದಳು. ಹೇಳಿದೆ. ಅವಳ ತಲೆಗೆ ಅದು ಹತ್ತಲಿಲ್ಲ. ಅವರಲ್ಲಿ ಕೆಲಸ ಹೋದರೆ ಪಕ್ಕದ ಮನೆಯವನಿಗೆ ಬೇಲಿಯ ಮೇಲಿಂದಲೇ ಹೇಳುತ್ತಾರೆ, ನಾನೇ ನೋಡಿದ್ದೇನೆ. ಕೊನೆಗೆ ಎದ್ದು ಹೊರಗೆ ಹೋದಳು.

ಒಬ್ಬಳೇ ಕೂತೆ. ಗೋಡೆಯ ಮೇಲೆ ಗಡಿಯಾರ, ಪಕ್ಕದಲ್ಲಿ ಬಾವುಟ. ದೇವರನ್ನು ನೆನೆಯಲಿಲ್ಲ. ಅನನ್ಯ ನೆನಪಾಯಿತು. ಅಪ್ಪ ಎಲ್ಲಿ ಎಂದು ಅದು ಕೇಳಿದರೆ ಯಾವ ಭಾಷೆಯಲ್ಲಿ ಹೇಳುವುದು?

ಅವಳು ವಾಪಸು ಬಂದಾಗ ಕೈಯಲ್ಲಿ ಒಂದು ಹಿಡಿ ಸಣ್ಣ ಸಣ್ಣ ಚೀಟಿ. ಕಾರಿನ ಡಿಕ್ಕಿಯಲ್ಲಿದ್ದ ಪುಸ್ತಕಗಳಲ್ಲಿ ಸಿಕ್ಕಿದ್ದವು. ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಂಡರೆ ಯಂತ್ರ ಒಂದು ಚೀಟಿ ಕೊಡುತ್ತದಂತೆ, ದಿನವೂ ಗಂಟೆಯೂ ಅಚ್ಚಾಗಿರುತ್ತದೆ. ಬಸವರಾಜ ಅವನ್ನೆಲ್ಲ ಪುಟದ ಗುರುತಿಗೆ ಇಟ್ಟುಕೊಂಡಿದ್ದ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಮೂರು, ಬೆಳಿಗ್ಗೆ ಹನ್ನೊಂದು. ಒಂದರ ಮೇಲೆ ಅರಿಶಿನದ ಎಣ್ಣೆ ಕಲೆ. ಅದನ್ನು ಅವಳು ನನ್ನ ಕಡೆ ಹಿಡಿದಳು.

"ಚಿತ್ರಾನ್ನ" ಅಂದೆ. ಇದಕ್ಕೆ ಫೋನಿನವಳು ಬೇಕಾಗಲಿಲ್ಲ.

ಹೊರಗಡೆ

ಇನ್ನೊಂದು ಅರ್ಧ ಗಂಟೆ ಕೂರಿಸಿದರು. ಆಮೇಲೆ ಬಸವರಾಜನನ್ನು ಕರೆತಂದು ಹೋಗಬಹುದು ಎಂದರು. ನಾನು ಏಳಲಿಲ್ಲ.

"ಇವನು ದೇಶ ಬಿಟ್ಟಿಲ್ಲ ಅಂತ ಬರೆದು ಕೊಡಿ ಅಂತ ಕೇಳಪ್ಪ. ಸಹಿ, ಮೊಹರು ಹಾಕಿ."

"ಅತ್ತಿ, ಬರ್ರಿ ಹೋಗೂಣು."

"ಕೇಳು ಅಂದೆ."

ಅವನು ಕೇಳಿದ. ಅಧಿಕಾರಿ ಏನೋ ಅಂದಳು. ಬಸವರಾಜ ಹೇಳಿದ, "ನೀವು ಹೋಗೇ ಇಲ್ಲ, ಏನಂತ ಬರದು ಕೊಡ್ಲಿ ಅಂತಾರ್ರಿ."

ನಮ್ಮಲ್ಲಿ ಬದುಕಿರುವುದನ್ನೂ ವರ್ಷಕ್ಕೊಂದು ಸಲ ಬರೆದು ಕೊಡಬೇಕು. ಆ ದೇಶದಲ್ಲಿ ಆಗದೆ ಇದ್ದದ್ದಕ್ಕೆ ಕಾಗದವಿಲ್ಲ. ನಂಬಿ ಎದ್ದೆ, ಬೇರೆ ದಾರಿ ಇರಲಿಲ್ಲ. ಹಸಿರು ಸಹಿಯ ಜೆರಾಕ್ಸನ್ನು ನನ್ನ ಕೈಗೆ ಕೊಡುತ್ತ ಆ ಹೆಂಗಸು ಇನ್ನು ಮೇಲೆ ಅಸಲನ್ನೇ ಇಟ್ಟುಕೊಂಡು ಓಡಾಡಿ ಎಂದಳು.

ಡೆಟ್ರಾಯಿಟ್ ದಾಟಿ ಮುಕ್ಕಾಲು ಗಂಟೆ ಕಾರು ಓಡಿಸಿದ. ತೂಕಡಿಸುವ ಭಯ ಅವತ್ತು ಯಾರಿಗೂ ಇರಲಿಲ್ಲ. ಲಾರಿಗಳು ನಿಲ್ಲುವ ಒಂದು ತಂಗುದಾಣದಲ್ಲಿ ಕಾರು ನಿಲ್ಲಿಸಿದ.

"ಒಳಗ ಎಲ್ಲಾ ಹೇಳಿದ್ರೇನು? ಶರ್ಟು, ಲೈಬ್ರರಿ, ಎಲ್ಲಾ?"

"ಹೇಳ್ದೆ."

"ಅವರು ನನ್ನ ಮುಂದ ಓದಿ ತೋರಿಸಿದ್ರು ಅತ್ತಿ. ಚಿತ್ರಾನ್ನದ ಸುದ್ದಿ ಸೈತ." ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಅಳುತ್ತಾನೆ ಅಂದುಕೊಂಡೆ. ಅಳಲಿಲ್ಲ. ಫೋನು ತೆಗೆದು ಧಾರವಾಡಕ್ಕೆ ಹಚ್ಚಿದ.

"ಅವ್ವಾ, ನನ್ನ ಕೆಲಸ ಹೋಗೇತಿ… ಎರಡ ತಿಂಗಳಾತು."

ಆ ಕಡೆಯ ದನಿ ನನಗೂ ಕೇಳಿಸಿತು. "ಎರಡ ತಿಂಗಳಾ? ಮತ್ತ ವನಜನ ಅತ್ತಿ ದಿನಾ ಆಫೀಸಿಗೆ ಹೋಗ್ಯಾನ ಅಂತಿದ್ರಲ್ಲೋ!"

ಅವನು ನನ್ನ ಕಡೆ ನೋಡಿದ. ಫೋನು ಕೈಗೆ ತೆಗೆದುಕೊಂಡೆ. "ಸುಳ್ಳು ಹೇಳ್ದೆ ಕಣ್ರೀ. ತಪ್ಪಾಯ್ತು. ನೀವು ಬೀಗರಿಗೆ ಹೇಳ್ಬಿಡಿ" ಅಂದೆ.

"ಹೇಳೂದೇನ್ರಿ ಅದರಾಗ? ಮದುವಿ ಹುಡುಗನ ಅಣ್ಣಂದೂ ಬೆಂಗಳೂರಾಗ ಕೆಲಸ ಹೋಗೇತಂತ. ಅವರೂ ನಮಗ ಮುಚ್ಚಿಟ್ಟಿದ್ರು" ಅಂದರು ಆಕೆ.

ಮೈಸೂರು

ನೇಪರ್‌ವಿಲ್‌ನ ಕಂಪನಿಯವರು ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಅಕ್ಟೋಬರಿನಲ್ಲಿ ಅರ್ಜಿಗೆ ಉತ್ತರ ಬಂತು. ಜನವರಿಯ ತನಕ ಮೂವರೂ ಇರಬಹುದು ಎಂದಿತ್ತು. ಸೇತುವೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ವನಜ ಅದನ್ನು ಮೂರು ಸಲ ಓದಿ ಆಮೇಲೆ ಊಟಕ್ಕೆ ಕೂತಳು.

ನವೆಂಬರ್ ಮೊದಲ ವಾರ, ಚೀಟಿಯ ತಾರೀಖಿಗೆ ಮುಂಚೆಯೇ, ನಾನು ಹೊರಟು ಬಂದೆ. ಏರ್‌ಪೋರ್ಟಿನಲ್ಲಿ ಆ ಬಿಳಿ ಚೀಟಿಯನ್ನು ಕಿತ್ತುಕೊಂಡರು. ಬಂದ ಮೂರನೆಯ ದಿನ ಬ್ಯಾಂಕಿಗೆ ಹೋದೆ. ಕ್ಯೂನಲ್ಲಿ ನನ್ನ ವಯಸ್ಸಿನವರೇ ಹತ್ತಿಪ್ಪತ್ತು ಜನ, ಎಲ್ಲರೂ ಬದುಕಿದ್ದೇವೆ ಎಂದು ಹೇಳಲು ಬಂದವರು. ಕೌಂಟರಿನಲ್ಲಿದ್ದವನು ನನ್ನನ್ನು ಬಲ್ಲವನು.

"ಏನಜ್ಜಿ, ಅಮೆರಿಕಾ ಆಯ್ತಂತೆ! ಅಳಿಯ ದೊಡ್ಡ ಕೆಲಸದಲ್ಲಿದಾರಂತೆ ಅಲ್ಲಿ?"

ಹಿಂದಿನವರೆಲ್ಲ ಕಿವಿ ಮುಂದೆ ಚಾಚಿದರು. ಹಳೆಯ ಮಾತು ನಾಲಿಗೆಯ ತುದಿಯವರೆಗೂ ಬಂತು. ಬಂದದ್ದನ್ನು ನುಂಗಿದೆ.

"ಕೆಲಸ ಇಲ್ಲ ಕಣಪ್ಪ, ಹುಡುಕ್ತಾ ಇದಾನೆ. ಸಹಿ ಎಲ್ಲಿ ಹಾಕಬೇಕು, ತೋರ್ಸು."